ಬರಿಗಣ್ಣಿಗೆ ಕಂಡದ್ದು

ರಸ್ತೆಯ ತಿರುವಿನಲ್ಲಿ, ಇನ್ನೂ ಬಾಗಿಲು ತೆರೆಯದ ಅಂಗಡಿಗೆ ಬೆನ್ನು ಮಾಡಿ ನಿಂತಿದ್ದ ತೀರ್ಪುಗಾರನಿಗೆ ಅಂದು ಬೆಳಗ್ಗೆ ತುರ್ತಾಗಿ ಬೇಕಾಗಿದ್ದದ್ದು ಒಂದು ತಪ್ಪು. ದೊಡ್ಡದೇ ಆಗಬೇಕೆಂದೇನೂ ಇರಲಿಲ್ಲ. ಬೇರೆ ಯಾರದಾದರೂ ಕಾಲಿನಲ್ಲಿ ಕಾಣುವಂಥದ್ದು, ಜೇಬಿನಲ್ಲಿದ್ದ ಸಣ್ಣ ಪುಸ್ತಕದಲ್ಲಿ ಬರೆದು, ಹರಿದು, ಮಡಿಸಿ ಕಳಿಸಬಹುದಾದಂಥದ್ದು, ಒಂದು. ಮಿಕ್ಕವರೆಲ್ಲ ಸ್ಪರ್ಧೆ ನೋಡಲು ಬಂದಿದ್ದರೆ ಅವನು ಮಾತ್ರ ಸಂತೆಗೆ ಬಂದವನ ಹಾಗೆ, ಎಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂದು ಕಣ್ಣಾಡಿಸುತ್ತಿದ್ದ. ಕೈಯಲ್ಲಿ ಹಿಡಿ ಇರುವ ದುಂಡನೆಯ ಹಳದಿ ಹಲಗೆ, ಕೊರಳಲ್ಲಿ ಬಿಲ್ಲೆ, ತಲೆಯ ಮೇಲೆ ಸಂಘದವರು ಕೊಟ್ಟ ಟೋಪಿ. ಟೋಪಿ ಒಂದು ಅಳತೆ ದೊಡ್ಡದು. ಹಿಂದಿನ ಸಲವೂ ಅಷ್ಟೇ ದೊಡ್ಡದಾಗಿತ್ತು. ಆಗಲೂ ಅವನು ಬದಲಿಸಿ ಕೊಡಿ ಎಂದು ಕೇಳಿರಲಿಲ್ಲ.

ನಡಿಗೆ ಸ್ಪರ್ಧೆಯ ನಿಯಮ ಎರಡೇ ಎರಡು. ಎರಡು ಪಾದಗಳಲ್ಲಿ ಒಂದಾದರೂ ಸದಾ ನೆಲವನ್ನು ಮುಟ್ಟಿರಬೇಕು, ಎರಡೂ ಒಟ್ಟಿಗೆ ಮೇಲೆದ್ದರೆ ಅದು ನಡಿಗೆಯಲ್ಲ, ಓಟ. ಮುಂದಿಟ್ಟ ಕಾಲು ನೆಲ ತಾಕಿದ ಮೇಲೆ ಮಂಡಿ ಬಗ್ಗಬಾರದು. ಇಷ್ಟನ್ನು ಯಾರು ಬೇಕಾದರೂ ಬಾಯಿಪಾಠ ಮಾಡಬಹುದು. ಆದರೆ ಮೊದಲನೆಯ ನಿಯಮಕ್ಕೆ ಒಂದು ಬಾಲವಿದೆ, 'ಬರಿಗಣ್ಣಿಗೆ ಕಾಣುವಂತೆ' ಎಂದು. ಅಂದರೆ ಪಾದಗಳು ಎದ್ದರೆ ತಪ್ಪಲ್ಲ, ಎದ್ದದ್ದು ಕಂಡರೆ ತಪ್ಪು. ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಹುಡುಗರಿಗೆ ಲೋಲಕ ಕಟ್ಟಿಸಿ, ಅಳತೆಯ ಕೆಳಗೆ ದೋಷ ಎಷ್ಟೆಂದು ತಪ್ಪದೆ ಬರೆಸುತ್ತಿದ್ದ ಅವನಿಗೆ ಆ ಬಾಲದ ಮೇಲೆ ಮೊದಮೊದಲು ಪ್ರೀತಿಯೇ ಹುಟ್ಟಿತ್ತು. ತನ್ನ ಉಪಕರಣ ಎಷ್ಟು ಒರಟು ಎಂದು ತಾನೇ ಒಪ್ಪಿಕೊಳ್ಳುವ ನಿಯಮ ಬೇರೆ ಯಾವ ಆಟದಲ್ಲಿದೆ? ಮದುವೆಗಾಗಲಿ, ನೌಕರಿಗಾಗಲಿ ಅಂಥ ಬಾಲವಿಲ್ಲವಲ್ಲ ಎಂದು ಹೆಂಡತಿಯ ಮುಂದೆ ಹೇಳಿಯೂ ಇದ್ದ. ಅವಳು ಒಲೆಯ ಕಡೆ ನೋಡುತ್ತಲೇ, "ಹಾಲು ಉಕ್ಕಿದ್ದು ನಿಮ್ಮ ಬರಿಗಣ್ಣಿಗೆ ಕಾಣ್ಲಿಲ್ವೇನ್ರೀ? ಪಕ್ಕದಲ್ಲೇ ನಿಂತಿದ್ರಲ್ಲ," ಅಂದಿದ್ದಳು.

ಆ ಪ್ರೀತಿಗೆ ಕಲ್ಲು ಹಾಕಿದವನು ಬಾಮೈದ. ಊಟಕ್ಕೆಂದು ಬಂದವನು ಸುಮ್ಮನೆ ಉಂಡು ಹೋಗಬಾರದೇ? ಯಾವುದೋ ಸ್ಪರ್ಧೆಯಲ್ಲಿ ತಾನೇ ಮೊಬೈಲಿನಲ್ಲಿ ಹಿಡಿದದ್ದನ್ನು ನಿಧಾನ ಮಾಡಿ ತೋರಿಸಿದ. "ಭಾವ, ನೋಡಿ ಇಲ್ಲಿ, ನಿಮ್ಮೋರೆಲ್ಲ ಗಾಳೀಲಿ ಇದಾರೆ." ಬೆರಳಿನಿಂದ ಹಿಂದೆ ಮುಂದೆ ಎಳೆದ. ಮೊದಲಿಗನು ಗಾಳಿಯಲ್ಲಿ, ಎರಡನೆಯವನು ಗಾಳಿಯಲ್ಲಿ, ಹಣೆಯ ಬೆವರನ್ನು ಒರೆಸಿಕೊಳ್ಳುತ್ತಿದ್ದ ನಾಲ್ಕನೆಯವನೂ ಎರಡು ಪಾದಗಳಿಗೂ ನೆಲಕ್ಕೂ ನಡುವೆ ಒಂದು ಎಳೆ ಬೆಳಕು ಬಿಟ್ಟುಕೊಂಡು ದೇವದೂತನ ಹಾಗೆ ತೇಲುತ್ತಿದ್ದ. "ಹಿಂಗಾದ್ರೆ ನೀವು ಅಲ್ಲಿ ನಿಂತು ಮಾಡೋದೇನು ಭಾವ?" ಹೆಂಡತಿ ನಕ್ಕಳು. ಕಣ್ಣಿಗೆ ಕಾಣದಷ್ಟು ಹೊತ್ತು ಎದ್ದರೆ ಎದ್ದ ಲೆಕ್ಕವಲ್ಲ, ನಿಯಮವೇ ಹಾಗಿದೆ ಎಂದು ಅವನು ವಿವರಿಸಲು ಹೊರಟ. ವಿವರಿಸಿದಷ್ಟೂ ತಾನು ಕಾವಲಿಗೆ ನಿಂತು ನಿದ್ದೆ ಹೊಡೆಯುವವನ ಪರ ವಾದಿಸುತ್ತಿರುವಂತೆ ಅವನಿಗೇ ಕೇಳಿಸಿತು. ಅಂದಿನಿಂದ ಯಾರ ನಡಿಗೆಯನ್ನು ನೋಡಿದರೂ ಅನುಮಾನ. ತಾನು ಕಾಣುತ್ತಿರುವುದು ಕಣ್ಣಿನಿಂದಲೋ, ಗೊತ್ತಿದೆಯಲ್ಲ ಎಂಬ ತಿಳಿವಳಿಕೆಯಿಂದಲೋ? ಗೊತ್ತಿದ್ದದ್ದನ್ನೇ ಕಣ್ಣು ಕಾಣುವುದಾದರೆ ಬರಿಗಣ್ಣು ಎಲ್ಲಿ ಉಳಿಯಿತು? ಕಳೆದ ಸ್ಪರ್ಧೆಯಲ್ಲಿ ಇದೇ ಜಿಜ್ಞಾಸೆಯಲ್ಲಿ ಮುಳುಗಿ, ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ, ಒಂದೇ ಒಂದು ಕೆಂಪು ಕಾರ್ಡನ್ನೂ ಬರೆಯದೆ ಪುಸ್ತಕವನ್ನು ಹಾಗೇ ಹಿಂದಿರುಗಿಸಿದ್ದ. ಆಮೇಲೆ ಚಹದ ಮೇಜಿನ ಬಳಿ ಮುಖ್ಯ ತೀರ್ಪುಗಾರರು ಎಲ್ಲರಿಗೂ ಕೇಳುವ ಹಾಗೆ, "ಪ್ರೊಫೆಸರ್ರೇ, ನಿಮ್ಮ ಕನ್ನಡಕ ಯಾವ ಅಂಗಡೀದು?" ಎಂದು ಕೇಳಿದ್ದರು. ಅವನು ಪೆದ್ದನ ಹಾಗೆ ಅಂಗಡಿಯ ಹೆಸರನ್ನು ಹೇಳಿಯೇಬಿಟ್ಟ. "ಒಳ್ಳೇದಾಯ್ತು ಬಿಡಿ, ನಾವ್ಯಾರೂ ಆ ಕಡೆ ಹೋಗದ ಹಾಗೆ ನೋಡ್ಕೋತೀವಿ." ಬ್ಯಾಂಕಿನ ಮೇಡಂ ನಕ್ಕರು, ಹಲ್ಲಿನ ಡಾಕ್ಟರು ನಕ್ಕರು, ಇಬ್ಬರೂ ತೀರ್ಪುಗಾರರೇ. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನು. ಆ ನಗು ಇವತ್ತಿಗೂ ಬೆಳಗ್ಗೆ ಹಲ್ಲುಜ್ಜುವಾಗ ಬಾಯಿಗೆ ಬರುತ್ತಿತ್ತು. ಅಲ್ಲದೆ ಅವನು ಪ್ರೊಫೆಸರನೂ ಅಲ್ಲ, ಪ್ರಯೋಗ ತೋರಿಸುವ ಸಹಾಯಕ. ಅದನ್ನೂ ತಿದ್ದಿರಲಿಲ್ಲ.

ಇವತ್ತು ಬೆಳಗ್ಗೆ, ಇನ್ನೂ ರಸ್ತೆಯ ದೀಪ ಆರುವ ಮೊದಲೇ, ಅದೇ ಮುಖ್ಯಸ್ಥರು ಐದೂ ಜನ ತೀರ್ಪುಗಾರರನ್ನು ವೃತ್ತವಾಗಿ ನಿಲ್ಲಿಸಿಕೊಂಡು ಮಾತಾಡಿದ್ದರು. ಒಬ್ಬರು ನೋಡಿದ್ದನ್ನು ಇನ್ನೊಬ್ಬರಿಗೆ ಹೇಳುವಂತಿಲ್ಲ, ಯಾರ ಕಾರ್ಡು ಯಾರಿಗೆ ಎಂದು ಕೇಳುವಂತಿಲ್ಲ, ಮೂರು ಬೇರೆ ಬೇರೆ ತೀರ್ಪುಗಾರರಿಂದ ಮೂರು ಕೆಂಪು ಕಾರ್ಡು ಬಿದ್ದವನು ಹೊರಗೆ. ಇದೆಲ್ಲ ಎಂದಿನದೇ. ಕೊನೆಗೆ, "ಈ ಸಲ ರಾಷ್ಟ್ರಮಟ್ಟದ ಸ್ಪರ್ಧೆಗೆ ತೀರ್ಪುಗಾರರ ಪಟ್ಟಿ ಕಳಿಸ್ಬೇಕು. ಖಾಲಿ ಪುಸ್ತಕ ವಾಪಸ್ ತರೋರು ಮುಂದಿನ ವರ್ಷ ಕಡಲೆಕಾಯಿ ತಿಂತಾ ಹಗ್ಗದ ಆಚೆ ನಿಂತ್ಕೊಂಡು ನೋಡಿ, ಅಲ್ಲಿ ನೆರಳೂ ಇರುತ್ತೆ," ಅಂದರು. ಯಾರ ಮುಖವನ್ನೂ ನೋಡದೆ ಹೇಳಿದರು. ಆದರೆ ಅದು ತನ್ನೊಬ್ಬನಿಗೇ ಹೇಳಿದ್ದೆಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೊದಲ ಗುಂಪು ಬಂತು. ಸೊಂಟಗಳು ಗಿರಣಿಯ ಸರಳುಗಳಂತೆ ಮೇಲೆ ಕೆಳಗೆ ಆಡುತ್ತ, ಬೂಟುಗಳು ಚಪ್ಪಾಳೆಯ ಹಾಗೆ ಸದ್ದು ಮಾಡುತ್ತ, ಗಾಳಿಯನ್ನು ಒಂದಿಷ್ಟು ತಳ್ಳಿಕೊಂಡು ಹೋದವು. ಎಲ್ಲರಿಗಿಂತ ಮುಂದೆ ಸಂಘದ ಕಾರ್ಯದರ್ಶಿಯ ಅಕ್ಕನ ಮಗ. ಅವನು ಹಾದುಹೋದಾಗ ತೀರ್ಪುಗಾರನಿಗೆ ಕಂಡಿತು: ಎರಡು ಪಾದಗಳ ಕೆಳಗೂ ಬೆಳಕು. ಈ ಸಲ ತಿಳಿವಳಿಕೆಯಲ್ಲ, ಕಣ್ಣೇ ಕಂಡದ್ದು ಎಂದು ಆಣೆ ಇಡಬಹುದಾದಷ್ಟು. ಕೈ ಜೇಬಿಗೆ ಹೋಯಿತು. ಅಷ್ಟರಲ್ಲಿ ಅಕ್ಕನ ಮಗನ ಪಕ್ಕದಲ್ಲೇ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತು ಬರುತ್ತಿದ್ದ ಕಾರ್ಯದರ್ಶಿ ಇವನತ್ತ ಕೈ ಬೀಸಿ, "ಏನ್ ಸಾರ್, ಹೇಗಿದೆ ನಮ್ಮ ಹುಡುಗನ ಕಾಲು?" ಎಂದು ಕೂಗಿ ಹೋದರು. ಇವನೂ ಕೈ ಬೀಸಿದ, ಜೇಬಿಗೆ ಹೋಗಿದ್ದ ಅದೇ ಕೈ. ಮುಂದಿನ ಸುತ್ತಿಗೆ ಇನ್ನೊಮ್ಮೆ ನೋಡಿ ಖಚಿತ ಮಾಡಿಕೊಳ್ಳೋಣ, ಒಂದು ಅಳತೆಯನ್ನು ನಂಬಬಾರದು, ಮೂರು ಸಲ ಅಳೆದು ಸರಾಸರಿ ತೆಗೆಯಬೇಕು, ಹುಡುಗರಿಗೆ ಹೇಳುವುದೂ ಅದನ್ನೇ ತಾನೇ, ಎಂದುಕೊಂಡ. ಮುಂದಿನ ಸುತ್ತಿನಲ್ಲಿ ಬೂಟಿನ ಸದ್ದು ಕೇಳಿದ ಕೂಡಲೇ ಅವನಿಗೆ ಕನ್ನಡಕವನ್ನು ಒರೆಸಿಕೊಳ್ಳಬೇಕೆನ್ನಿಸಿತು. ಚೆನ್ನಾಗಿ ಒರೆಸಿಕೊಂಡ. ಹಾಕಿಕೊಂಡಾಗ ಗುಂಪು ತಿರುವು ದಾಟಿತ್ತು.

ಎಲ್ಲರೂ ಹೋಗಿ, ರಸ್ತೆಯ ನಡುವಿನ ಬಿಳಿ ಗೆರೆ ಮತ್ತೆ ಕಾಣುವಂತಾಗಿ, ನಾಯಿಯೊಂದು ಈ ಬದಿಯಿಂದ ಆ ಬದಿಗೆ ನಿರುಮ್ಮಳವಾಗಿ ದಾಟಿದ ಮೇಲೆ, ದೂರದಲ್ಲಿ ಒಬ್ಬ ಕಾಣುತ್ತಿದ್ದ. ಪ್ರತಿ ವರ್ಷ ಕೊನೆಯವನಾಗಿ ಬರುವ ದರ್ಜಿ. ಐವತ್ತು ದಾಟಿದ, ಹೊಟ್ಟೆ ಸ್ವಲ್ಪ ಮುಂದೆ ಬಂದ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಬೆನ್ನು ಬಾಗಿದ ಮನುಷ್ಯ. ಅವನು ಬರುವ ಹೊತ್ತಿಗೆ ಬಾಳೆಹಣ್ಣು ಮುಗಿದಿರುತ್ತಿತ್ತು, ಬಹುಮಾನ ಹಂಚಿ ಆಗಿರುತ್ತಿತ್ತು, ಗಡಿಯಾರ ಹಿಡಿದವನೊಬ್ಬ ಮಾತ್ರ ಆಕಳಿಸುತ್ತ ಕಾಯುತ್ತಿದ್ದ. ದರ್ಜಿಯ ನಡಿಗೆಯಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಹಿಮ್ಮಡಿ ಊರುತ್ತಿತ್ತು, ಮಂಡಿ ನೆಟ್ಟಗಾಗುತ್ತಿತ್ತು, ಈ ಪಾದ ಪೂರ್ತಿ ನಂಬಿಕೆ ಕೊಟ್ಟ ಮೇಲೆಯೇ ಆ ಪಾದ ಏಳುತ್ತಿತ್ತು. ಆ ವೇಗದಲ್ಲಿ ಬೇಕೆಂದರೂ ಯಾರೂ ನೆಲ ಬಿಡಲಾರರು, ಭೂಮಿಯ ಸೆಳೆತ ಅಷ್ಟು ಉದಾರಿಯಲ್ಲ. ತೀರ್ಪುಗಾರ ಇದನ್ನೆಲ್ಲ ಸ್ಪಷ್ಟವಾಗಿ ಯೋಚಿಸಿದ. ಯೋಚಿಸುತ್ತಲೇ ಪುಸ್ತಕವನ್ನು ತೆಗೆದು, ದರ್ಜಿಯ ನಂಬರನ್ನು ಬರೆದು, ಅದರ ಮುಂದೆ ನೆಲ ಬಿಟ್ಟದ್ದರ ಗುರುತನ್ನು, ಒಂದು ಅಲೆಯ ಗೆರೆಯನ್ನು, ಎಳೆದ.

ಏಕೆ ಎಂದು ಅವನನ್ನು ಕೇಳಿದ್ದರೆ ಅವನು ಲೆಕ್ಕವನ್ನೇ ಮುಂದಿಡುತ್ತಿದ್ದ. ಒಂದು ಕಾರ್ಡು ಯಾರನ್ನೂ ಹೊರಗೆ ಹಾಕುವುದಿಲ್ಲ, ಮೂರು ಬೇಕು. ದರ್ಜಿಯಂಥವನಿಗೆ ಇನ್ನೊಬ್ಬ ತೀರ್ಪುಗಾರ ಕಾರ್ಡು ಬರೆಯುವ ಸಂಭವ ಸೊನ್ನೆಗೆ ಹತ್ತಿರ. ಎರಡನೆಯವರೂ ಮೂರನೆಯವರೂ ಬರೆಯುವ ಸಂಭವವೆಂದರೆ ಸೊನ್ನೆಯ ಹತ್ತಿರದ್ದನ್ನು ಸೊನ್ನೆಯ ಹತ್ತಿರದ್ದರಿಂದ ಗುಣಿಸಿದ್ದು, ಅದು ಆಕಾಶದಿಂದ ಬಿದ್ದ ಕಲ್ಲು ಇದೇ ಟೋಪಿಯ ಮೇಲೆ ಬೀಳುವುದಕ್ಕೆ ಸಮ. ಹೀಗೆ ತನ್ನ ಪುಸ್ತಕವೂ ಖಾಲಿಯಿರುವುದಿಲ್ಲ, ಯಾರಿಗೂ ಕೂದಲು ಕೊಂಕುವುದಿಲ್ಲ, ಕೂಗಾಡುವ ಕೋಚು ಇಲ್ಲ, ಸ್ಕೂಟರಿನ ಮೇಲೆ ಮಾವ ಇಲ್ಲ. ಇಂಥ ನಿರಪಾಯಕಾರಿ ಅನ್ಯಾಯವನ್ನು ಹುಡುಕಿ ತೆಗೆದದ್ದಕ್ಕೆ ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು. ನಿಯಮದ ಪ್ರಕಾರ ಮೊದಲು ಹಳದಿ ಹಲಗೆ ತೋರಿಸಿ ಎಚ್ಚರಿಸುವುದು ಮರ್ಯಾದೆ. ಆದರೆ ಹಳದಿಯನ್ನು ತೋರಿಸಬೇಕಾದರೆ ನಡೆಯುವವನ ಮುಖ ನೋಡಬೇಕು. ಕೆಂಪು ಕಾರ್ಡಿಗೆ ಆ ಕಷ್ಟವಿಲ್ಲ, ಬೆನ್ನಿಗೇ ಬರೆಯಬಹುದು.

ಕಾರ್ಡುಗಳನ್ನು ಒಟ್ಟುಮಾಡುತ್ತ ಸುತ್ತುತ್ತಿದ್ದ ಶಾಲೆಯ ವ್ಯಾಯಾಮದ ಮೇಷ್ಟ್ರು ಸೈಕಲ್ಲಿನಿಂದ ಇಳಿಯದೆ ಒಂದು ಕಾಲೂರಿ, ಕೈ ಚಾಚಿದರು. "ಅಬ್ಬ, ನೀವೂ ಕೊಟ್ರಾ! ಇವತ್ತು ಎಲ್ಲರ ಕೈಯೂ ಬಿಚ್ಚಿದೆ," ಎಂದು ಮಡಿಸಿದ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಎಲ್ಲರ ಕೈಯೂ ಎಂದರೇನು ಎಂದು ಅವನು ಆಗ ಯೋಚಿಸಲಿಲ್ಲ. ಎದೆಯಲ್ಲಿ ಒಂದು ಗಂಟು ಸಡಿಲಾಗಿತ್ತು. ಮುಚ್ಚಿದ ಅಂಗಡಿಯ ಬಾಗಿಲಿಗೆ ಒರಗಿ, ರಾಷ್ಟ್ರಮಟ್ಟದ ತೀರ್ಪುಗಾರರಿಗೆ ಕೊಡುವ ಕೋಟನ್ನು ಹಾಕಿಕೊಂಡು ಬಾಮೈದನ ಎದುರು ಕೂತ ಹಾಗೆ ಕಲ್ಪಿಸಿಕೊಂಡ. ಬಾಮೈದ ಆ ಕಲ್ಪನೆಯಲ್ಲೂ ಮೊಬೈಲನ್ನು ಹೊರಗೆ ತೆಗೆದ.

ರಸ್ತೆಯ ವಿಭಜಕದ ಆಚೆ, ಮುಕ್ತಾಯದ ಗೆರೆಗಿಂತ ಸ್ವಲ್ಪ ಈಚೆಗೆ, ದೊಡ್ಡ ಬೋರ್ಡು. ಯಾರಿಗೆ ಎಷ್ಟು ಕಾರ್ಡು ಬಿದ್ದಿದೆಯೆಂದು ನಡೆಯುವವರಿಗೆ ಗೊತ್ತಾಗಲು ನಂಬರಿನ ಮುಂದೆ ಕೆಂಪು ಚುಕ್ಕೆ ಅಂಟಿಸುತ್ತಾರೆ. ತಿರುವಿನಿಂದಲೇ ಅದು ಕಾಣುತ್ತಿತ್ತು. ದರ್ಜಿಯ ನಂಬರಿನ ಮುಂದೆ ಒಂದು ಚುಕ್ಕೆ ಬಿತ್ತು, ಅದು ತನ್ನದು. ಬೇರೆಯವರ ಮನೆಯ ಗೋಡೆಯ ಮೇಲೆ ತನ್ನ ಕೈಬರಹವನ್ನು ಕಂಡಂತಾಗಿ ಅವನು ಮುಖ ತಿರುಗಿಸಿದ. ಮತ್ತೆ ನೋಡಿದಾಗ ಎರಡು ಇದ್ದವು. ಕನ್ನಡಕವನ್ನು ತೆಗೆದ, ಹಾಕಿದ. ಎರಡೇ. ಒಂದು ಕಣ್ಣು ಮುಚ್ಚಿ ನೋಡಿದ. ಆಗಲೂ ಎರಡೇ.

ಸೈಕಲ್ ಮೇಷ್ಟ್ರು ಮುಂದಿನ ಸುತ್ತಿಗೆ ಬಂದಾಗ ಅವನು ಏನೋ ಲೋಕಾಭಿರಾಮವಾಗಿ ಕೇಳುವವನ ಹಾಗೆ, "ಆ ದರ್ಜಿ ಪಾಪ, ಈ ಸಲವೂ ಬಂದಿದಾರೆ," ಅಂದ.

"ಬರದೆ ಇರ್ತಾರಾ ಸಾರ್? ಈ ಸಲ ಅವರ ಕಥೆಯೇ ಬೇರೆ. ಹಿರಿಯರ ವಿಭಾಗ ಅಂತ ಹೊಸದಾಗಿ ಮಾಡಿದಾರಲ್ಲ, ಅದಕ್ಕೆ ನಮ್ಮ ಕಡೆಯಿಂದ ಇರೋದು ಅವರೊಬ್ಬರೇ. ಗೆಲ್ಲೋದೂ ಬೇಡ ಏನೂ ಬೇಡ, ಗೆರೆ ಮುಟ್ಟಿದ್ರೆ ಸಾಕು, ರಾಷ್ಟ್ರಮಟ್ಟಕ್ಕೆ ಹೋಗೋ ತಂಡದ ಜತೆ ರೈಲು ಹತ್ತಬಹುದು. ತಂಡದ ಅಂಗಿ ಎಲ್ಲಾ ಹೊಲಿದೋರೂ ಅವರೇ. 'ನಿಮ್ದು ಹೊಲ್ಕೊಂಡ್ರಾ?' ಅಂತ ಕೇಳ್ದೆ. 'ಬಟ್ಟೆ ಎತ್ತಿಟ್ಟಿದೀನಿ, ಮುಗಿಸಿ ಬಂದ್ಮೇಲೆ ಕತ್ತರಿ ಹಾಕ್ತೀನಿ' ಅಂದ್ರು. ಅದೇನು ನಿಯತ್ತೋ!"

"ಅವರಿಗೆ ಎರಡು ಬಿದ್ದಿದೆ."

"ನೋಡ್ದೆ, ನನಗೂ ಅದೇ ಆಶ್ಚರ್ಯ. ಆ ಮನುಷ್ಯನ ಕಾಲು ಎತ್ತಬೇಕಾದ್ರೆ ಜಾಕ್ ಬೇಕು. ಆದ್ರೆ ನೀವೆಲ್ಲ ನೋಡ್ದೋರು, ನಾನು ಸೈಕಲ್ ತುಳಿಯೋನು."

ತೀರ್ಪುಗಾರ ಸೈಕಲ್ಲಿನ ಹಿಡಿಯ ಮೇಲೆ ಕೈಯಿಟ್ಟ. "ಮೇಷ್ಟ್ರೇ, ಒಂದು ವೇಳೆ... ಕೊಟ್ಟ ಕಾರ್ಡು ವಾಪಸ್ ತಗೊಳ್ಳೋದಕ್ಕೆ ಏನಾದ್ರೂ ದಾರಿ ಇದೆಯಾ?"

"ಬಿಟ್ಟ ಬಾಣ, ಆಡಿದ ಮಾತು, ಕೊಟ್ಟ ಕಾರ್ಡು," ಎಂದು ಮೇಷ್ಟ್ರು ಮೂರು ಬೆರಳು ಮಡಿಸಿ ತೋರಿಸಿ, ತಮ್ಮ ಚಾತುರ್ಯಕ್ಕೆ ತಾವೇ ನಕ್ಕು, ಪೆಡಲು ತುಳಿದರು.

ಆಮೇಲಿನ ಸುತ್ತುಗಳಲ್ಲಿ ಅವನು ಯಾರನ್ನೂ ನೋಡಲಿಲ್ಲ. ಅಕ್ಕನ ಮಗ ಎರಡು ಮೂರು ಸಲ ಹಾರಿಕೊಂಡು ಹೋದ, ಹೋಗಲಿ. ಗುಂಪು ಸರಿದ ಮೇಲೆ ಬರುವ ಆ ಒಬ್ಬನಿಗಾಗಿ ಕಾಯುತ್ತಿದ್ದ. ದರ್ಜಿ ಬರುವಾಗ ತುಟಿಗಳನ್ನು ಸ್ವಲ್ಪ ಒಳಗೆಳೆದುಕೊಂಡು, ಸೂಜಿಗೆ ದಾರ ಪೋಣಿಸುವವನ ಏಕಾಗ್ರತೆಯಲ್ಲಿ ಬರುತ್ತಿದ್ದ. ತಿರುವಿನಲ್ಲಿ ತೀರ್ಪುಗಾರನನ್ನು ದಾಟುವಾಗ ಪ್ರತಿ ಸಲವೂ ಅವನ ನಡಿಗೆ ಇನ್ನಷ್ಟು ಎಚ್ಚರವಾಗುತ್ತಿತ್ತು, ಇನ್ನಷ್ಟು ನಿಧಾನವಾಗುತ್ತಿತ್ತು. ಬೋರ್ಡನ್ನು ನೋಡಿದ್ದಾನೆ, ಎಲ್ಲಿ ತಪ್ಪುತ್ತಿದೆಯೆಂದು ತನ್ನ ಕಾಲನ್ನೇ ವಿಚಾರಿಸಿಕೊಳ್ಳುತ್ತಿದ್ದಾನೆ. ಇಲ್ಲದ ತಪ್ಪನ್ನು ತಿದ್ದಿಕೊಳ್ಳುವವನ ಮುಖ ಹೇಗಿರುತ್ತದೆಂದು ತೀರ್ಪುಗಾರ ಅದುವರೆಗೆ ಕಂಡಿರಲಿಲ್ಲ. ಇಲ್ಲ, ಒಮ್ಮೆ ಕಂಡಿದ್ದ. ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿಗೆ ಉತ್ತರ ಎಷ್ಟು ಸಲ ಅಳೆದರೂ ಪುಸ್ತಕದಲ್ಲಿದ್ದ ಹಾಗೆ ಬರದೆ, ಇವನು ಅವಳ ಕೈಯೇ ನಡುಗುತ್ತದೆಂದು ಎಲ್ಲರೆದುರು ಗದರಿ, ಆಮೇಲೆ ನೋಡಿದರೆ ಅಳತೆಪಟ್ಟಿಯ ತುದಿಯೇ ಸವೆದಿತ್ತು. ಅವಳಿಗೆ ಹೇಳಲಿಲ್ಲ. ಪಟ್ಟಿಯನ್ನು ಮಾತ್ರ ಬದಲಿಸಿದ. ಈಗಲೂ ಹಾಗೆ ಯಾವುದನ್ನಾದರೂ ಸದ್ದಿಲ್ಲದೆ ಬದಲಿಸಿಬಿಡಲು ಸಾಧ್ಯವಿದ್ದರೆ! ಮೂರನೆಯ ಚುಕ್ಕೆ ಬೀಳದಿದ್ದರೆ ಸಾಕು, ಇನ್ನೆಂದೂ ಹೀಗೆ ಮಾಡುವುದಿಲ್ಲ ಎಂದು ಅವನು ಯಾರಿಗೋ, ಬಹುಶಃ ಸಂಭವನೀಯತೆಯ ಸೂತ್ರಕ್ಕೇ, ಹರಕೆ ಹೊತ್ತ. ಮುಖ್ಯಸ್ಥರ ಬಳಿ ಈಗಲೇ ಹೋಗಿ ಹೇಳಬಹುದಿತ್ತು. ಆದರೆ ಸ್ಪರ್ಧೆ ನಡೆಯುವಾಗ ಜಾಗ ಬಿಟ್ಟು ಕದಲುವುದು ನಿಯಮಕ್ಕೆ ವಿರುದ್ಧ. ಆ ನಿಯಮವನ್ನು ಅವನು ಕಟ್ಟುನಿಟ್ಟಾಗಿ ಪಾಲಿಸಿದ.

ಮುಂದಿನವರೆಲ್ಲ ಮುಗಿಸಿದರು. ಅಕ್ಕನ ಮಗನಿಗೆ ಹಾರ ಬಿತ್ತು. ರಸ್ತೆಯ ಕಿತ್ತಳೆ ಬಣ್ಣದ ಕೋನುಗಳನ್ನು ಎತ್ತಿ ಒಂದರೊಳಗೊಂದು ಪೇರಿಸತೊಡಗಿದರು. ದರ್ಜಿಗೆ ಮಾತ್ರ ಕೊನೆಯ ಸುತ್ತು ಬಾಕಿಯಿತ್ತು. ಜಾಗ ಬಿಡಬಹುದೆಂದು ಸೀಟಿ ಕೇಳಿದ ಕೂಡಲೇ ತೀರ್ಪುಗಾರ ವಿಭಜಕವನ್ನು ದಾಟಿ, ಹೇಳಬೇಕಾದ ಮಾತನ್ನು ಬಾಯಲ್ಲಿ ಹೊರಳಿಸುತ್ತ ಶಾಮಿಯಾನದ ಕಡೆ ನಡೆದ. 'ಸಾರ್, ನಾನು ಕೊಟ್ಟದ್ದು ಕಂಡು ಕೊಟ್ಟದ್ದಲ್ಲ.' ಇಷ್ಟೇ ಮಾತು. ನಡೆಯುವಾಗ ತನ್ನ ಪಾದಗಳ ಕಡೆ ಗಮನ ಹೋಗಿ, ಎರಡು ಸಲ ಎಡವಿದ.

ಮುಖ್ಯಸ್ಥರು ಬಾಳೆಹಣ್ಣು ಸುಲಿಯುತ್ತಿದ್ದರು. ಬ್ಯಾಂಕಿನ ಮೇಡಂ, ಹಲ್ಲಿನ ಡಾಕ್ಟರು ಇಬ್ಬರೂ ಆಗಲೇ ಬಂದು ಕೂತಿದ್ದರು.

"ಸಾರ್, ಆ ದರ್ಜಿ ವಿಷಯ..."

"ಬನ್ನಿ ಬನ್ನಿ ಪ್ರೊಫೆಸರ್ರೇ, ಈಗ ತಾನೇ ನಿಮ್ಮ ಹೆಸರೇ ಬಂತು! ಮೂರನೇದೂ ಬಿತ್ತು. ಮೇಡಮ್ಮು ಆ ತುದೀಲಿ, ಡಾಕ್ಟ್ರು ನಡುವೆ, ನೀವು ಈ ತಿರುವಲ್ಲಿ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ, ಒಬ್ಬರ ಮಾತು ಒಬ್ಬರಿಗೆ ಕೇಳಲ್ಲ. ಮೂರು ಜನಕ್ಕೂ ಒಂದೇ ಮನುಷ್ಯ, ಒಂದೇ ತಪ್ಪು! ಇದಕ್ಕಿಂತ ಇನ್ನೇನು ಬೇಕ್ರೀ? ನಾನು ತೀರ್ಪುಗಾರನಾದಾಗಿಂದ ಇಂಥ ಹೊಂದಾಣಿಕೆ ನೋಡಿಲ್ಲ. ಮೂರೂ ಹೆಸರು ಪಟ್ಟಿಗೆ ಹಾಕಿದೀನಿ."

ಮೇಡಂ ಚಹದ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಇಣುಕಿ ನೋಡುತ್ತಿದ್ದರು. ಡಾಕ್ಟರು ಕನ್ನಡಕವನ್ನು ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದರು, ಬಹಳ ಹೊತ್ತು, ಬಹಳ ಶ್ರದ್ಧೆಯಿಂದ. ತೀರ್ಪುಗಾರನಿಗೆ ಆ ಒರೆಸುವಿಕೆಯ ಪರಿಚಯವಿತ್ತು. ಬೆಳಗಿನ ವೃತ್ತದಲ್ಲಿ ಖಾಲಿ ಪುಸ್ತಕದ ಮಾತು ತನಗೊಬ್ಬನಿಗೇ ಹೇಳಿದ್ದೆಂದು ತಾನು ಅಂದುಕೊಂಡಿದ್ದ ಹಾಗೆಯೇ ಇವರಿಬ್ಬರೂ ತಮ್ಮೊಬ್ಬರಿಗೇ ಎಂದು ಅಂದುಕೊಂಡಿದ್ದರು. ಸೊನ್ನೆಯನ್ನು ಸೊನ್ನೆಯಿಂದ ಗುಣಿಸುವ ಮೊದಲು ಅವು ಒಂದಕ್ಕೊಂದು ಸಂಬಂಧವಿಲ್ಲದವು ಹೌದೇ ಎಂದು ನೋಡಬೇಕು. ಮೊದಲ ವರ್ಷದ ಹುಡುಗರೂ ಮಾಡದ ತಪ್ಪು. ಮೂರು ಕಡೆ ನಿಂತ ಮೂರು ಹೆದರಿಕೆಗಳು, ಒಂದೇ ಹೊಟ್ಟೆಯ ಮಕ್ಕಳು, ಒಂದೇ ಬಡಪಾಯಿಯ ಬೆನ್ನನ್ನು ಹುಡುಕಿಕೊಂಡಿದ್ದವು. ಮೂವರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನೋಡಿದ್ದರೆ ಬರಿಗಣ್ಣಿಗೇ ಕಾಣುತ್ತಿತ್ತು.

"ನಾನು ಹೇಳೋದಕ್ಕೆ ಬಂದದ್ದು..." ಎಂದು ಅವನು ಮತ್ತೆ ಶುರು ಮಾಡಿದ. ಮೇಡಂ ತಟ್ಟನೆ ತಲೆಯೆತ್ತಿದರು. ಆ ನೋಟದಲ್ಲಿ ಬೇಡಿಕೆಯಿತ್ತೋ ಬೆದರಿಕೆಯಿತ್ತೋ. ಅವನೊಬ್ಬನ ಸತ್ಯ ಹೊರಬಿದ್ದರೆ ಮಿಕ್ಕ ಇಬ್ಬರನ್ನು ಕೇಳದೆ ಬಿಡುತ್ತಾರೆಯೇ? ಒಬ್ಬನ ಪ್ರಾಮಾಣಿಕತೆಗೆ ಮೂವರು ಮುಳುಗಬೇಕೆ? ಇಷ್ಟು ದೊಡ್ಡ ನೈತಿಕ ಪ್ರಶ್ನೆ ಇಷ್ಟು ಅನುಕೂಲವಾಗಿ ಎದುರಾದದ್ದಕ್ಕೆ ಅವನು ಕೃತಜ್ಞನಾದ.

"ಹೇಳೋದೆಲ್ಲ ಆಮೇಲೆ ಹೇಳುವಿರಂತೆ," ಎಂದು ಮುಖ್ಯಸ್ಥರು ಸಿಪ್ಪೆಯನ್ನು ಬುಟ್ಟಿಗೆ ಎಸೆದು, ಹೊರಗಾದವನಿಗೆ ತೋರಿಸುವ ಕೆಂಪು ಹಲಗೆಯನ್ನು ಮೇಜಿನ ಕೆಳಗಿನಿಂದ ತೆಗೆದು ಅವನ ಕೈಗಿಟ್ಟರು. "ಇದನ್ನ ನಾನೇ ತೋರಿಸ್ಬೇಕು, ಆದ್ರೆ ನನ್ನನ್ನ ಅಲ್ಲಿ ಫೋಟೋಕ್ಕೆ ಕರೀತಿದಾರೆ. ಇವತ್ತಿಗೆ ನೀವೇ ನನ್ನ ಸಹಾಯಕರು. ಗೆರೆ ಮುಟ್ಟೋ ಮೊದಲು ತೋರಿಸಿಬಿಡಿ, ಆಮೇಲೆ ರಗಳೆ ಬೇಡ."

ಹೀಗೆ ಅವನು ಮುಕ್ತಾಯದ ಗೆರೆಗಿಂತ ಸ್ವಲ್ಪ ಈಚೆ, ಖಾಲಿ ರಸ್ತೆಯಲ್ಲಿ, ಕೆಂಪು ಹಲಗೆಯನ್ನು ಹಿಡಿದು ನಿಂತ. ಬಿಸಿಲು ಏರಿತ್ತು. ಗೆರೆಯ ಬಳಿ ಗಡಿಯಾರದವನು ಕುರ್ಚಿಯಲ್ಲಿ ತೂಕಡಿಸುತ್ತಿದ್ದ, ಅವನ ಪಕ್ಕದಲ್ಲಿ ನೀರಿನ ಬಾಟಲಿ, ಟವೆಲು ಹಿಡಿದು ದರ್ಜಿಯ ಹೆಂಡತಿ. ಬೋರ್ಡನ್ನು ಓದುವ ಅಭ್ಯಾಸ ಅವಳಿಗಿರಲಿಲ್ಲವೆಂದು ಕಾಣುತ್ತದೆ, ಖುಷಿಯಾಗಿಯೇ ಇದ್ದಳು. ಸೈಕಲ್ ಮೇಷ್ಟ್ರು ಕೋನುಗಳನ್ನು ಪೇರಿಸುತ್ತಿದ್ದರು. ದರ್ಜಿ ಕಾಣಿಸಿದ. ಹತ್ತಿರವಾಗುತ್ತ ಬಂದ. ತೀರ್ಪುಗಾರನ ಮನಸ್ಸಿನಲ್ಲಿ ಆಗ ಒಂದು ನಿರ್ಧಾರವಾಯಿತು. ನಿರ್ಧಾರ ಎನ್ನುವುದಕ್ಕಿಂತ ಕೈಗೆ ಬಂದ ಸೋಮಾರಿತನ. ಹಲಗೆಯನ್ನು ಬೆನ್ನ ಹಿಂದೆ ಹಿಡಿದುಕೊಂಡ. ತೋರಿಸಲು ಮರೆತೆ, ಬಿಸಿಲಿಗೆ ಕಣ್ಣು ಕತ್ತಲೆ ಬಂತು, ನೋಡುವಷ್ಟರಲ್ಲಿ ದಾಟಿಬಿಟ್ಟ, ಹೀಗೆ ಏನಾದರೂ ಹೇಳಿದರಾಯಿತು. ಕನ್ನಡಕ ಯಾವ ಅಂಗಡಿಯದು ಎಂದು ಇನ್ನೊಮ್ಮೆ ಕೇಳಿಸಿಕೊಂಡರಾಯಿತು. ಎದೆ ಹಗುರಾಯಿತು. ಬದುಕಿನಲ್ಲಿ ಒಮ್ಮೆಯಾದರೂ ಸರಿಯಾದ ಕಡೆ ತಪ್ಪು ಮಾಡುತ್ತಿದ್ದೇನೆ ಎಂದುಕೊಂಡು, ದರ್ಜಿ ಹಾದುಹೋಗಲೆಂದು ಒಂದು ಹೆಜ್ಜೆ ಬದಿಗೆ ಸರಿದ.

ದರ್ಜಿ ಹಾದುಹೋಗಲಿಲ್ಲ. ಗೆರೆಗೆ ಕೆಲವೇ ಮಾರು ಇರುವಾಗ ಅವನ ಎದುರಿಗೆ ಬಂದು, ನಿಲ್ಲದೆ, ಇದ್ದಲ್ಲೇ ಹೆಜ್ಜೆ ಹಾಕತೊಡಗಿದ.

"ಸಾರ್, ಅದು ನನಗೇ ಅಲ್ವಾ?"

"ಯಾವುದು?"

"ಹಿಂದೆ ಹಿಡ್ಕೊಂಡಿರೋದು. ಬೋರ್ಡಲ್ಲಿ ಮೂರಾಯ್ತಲ್ಲ, ನೋಡ್ದೆ."

"ಹೋಗ್ರಿ, ಹೋಗ್ರಿ, ಗೆರೆ ದಾಟಿ ಮೊದಲು," ಎಂದು ತೀರ್ಪುಗಾರ ಪಿಸುಗುಟ್ಟಿದ.

"ಹೇಗೆ ಸಾರ್ ದಾಟೋದು? ಮೂರು ಬಿದ್ದೋನು ದಾಟಿದ್ರೆ ಅದು ಕದ್ದ ಹಾಗೆ. ಆಮೇಲೆ ನಿಮ್ಮ ತಲೆಗೂ ಬರುತ್ತೆ, ಯಾಕೆ ತೋರಿಸಲಿಲ್ಲ ಅಂತ." ದರ್ಜಿ ಏದುಸಿರು ಬಿಡುತ್ತಿದ್ದ, ಆದರೆ ಹೆಜ್ಜೆ ನಿಂತಿರಲಿಲ್ಲ. "ನಾನಾಗೇ ನಿಲ್ಲೋ ಹಾಗೂ ಇಲ್ಲ. ನಿಂತ್ರೆ ನಡುವೆ ಬಿಟ್ಟ ಅಂತ ಬರ್ಕೋತಾರೆ. ಇಷ್ಟು ವರ್ಷದಲ್ಲಿ ಒಂದ್ಸಲನೂ ನಡುವೆ ಬಿಟ್ಟಿಲ್ಲ ನಾನು. ನೀವು ತೋರಿಸಿದ್ರೆ ನಿಲ್ತೀನಿ. ತೋರಿಸಿ ಸಾರ್, ಕಾಲು ಬಿದ್ದುಹೋಗ್ತಾ ಇದೆ."

ತೀರ್ಪುಗಾರ ಕೆಳಗೆ ನೋಡಿದ. ಇಡೀ ಬೆಳಗ್ಗೆ ಅವನು ಅಷ್ಟು ಹತ್ತಿರದಿಂದ ಯಾರ ಪಾದವನ್ನೂ ನೋಡಿರಲಿಲ್ಲ. ಎಡಪಾದ ಊರಿತು, ಅದು ಊರಿದ ಮೇಲೆ ಬಲಪಾದ ಎದ್ದಿತು. ಬಲ ಊರಿತು, ಎಡ ಎದ್ದಿತು. ಬಾಮೈದನ ಮೊಬೈಲು ಎಷ್ಟು ನಿಧಾನ ಮಾಡಿದರೂ ಅವುಗಳ ಕೆಳಗೆ ಒಂದು ಎಳೆ ಬೆಳಕು ಸಿಗುತ್ತಿರಲಿಲ್ಲ. ಬರಿಗಣ್ಣಿಗೆ ಇಷ್ಟು ನಿಸ್ಸಂದೇಹವಾಗಿ ಅವನಿಗೆ ಏನಾದರೂ ಕಂಡದ್ದು ಅದೇ ಮೊದಲು.

"ತೋರಿಸಿ ಸಾರ್."

ಅವನು ಕೆಂಪು ಹಲಗೆಯನ್ನು ಎತ್ತಿ ತೋರಿಸಿದ.

ದರ್ಜಿ ನಿಂತ. ಸೊಂಟಕ್ಕೆ ಕೈ ಕೊಟ್ಟು ಬಾಗಿ ಉಸಿರಾಡಿದ. ಆಮೇಲೆ ನೆಟ್ಟಗಾಗಿ, ಎದೆಯ ಮೇಲಿನ ನಂಬರಿನ ಬಟ್ಟೆಯಿಂದ ಗುಂಡುಪಿನ್ನುಗಳನ್ನು ಒಂದೊಂದೇ ಕಿತ್ತು, ಅಭ್ಯಾಸಬಲದಿಂದ ತುಟಿಗಳ ನಡುವೆ ಕಚ್ಚಿಕೊಂಡ. ಬಟ್ಟೆಯನ್ನು ಮೂಲೆಗೆ ಮೂಲೆ ಸೇರಿಸಿ ಮಡಿಸಿ ತೀರ್ಪುಗಾರನ ಇನ್ನೊಂದು ಕೈಗೆ ಕೊಟ್ಟು, ಪಿನ್ನುಗಳ ಸಂದಿನಿಂದಲೇ ಕೇಳಿದ: "ಮಂಡಿಗಾ ಸಾರ್, ಹಾರಿದ್ದಕ್ಕಾ?"

"ಹಾರಿದ್ದಕ್ಕೆ."

"ಮೂರು ಜನಾನೂ ಅದೇ ಕೊಟ್ರಾ?"

"ಮೂರು ಜನಾನೂ."

ದರ್ಜಿ ತನ್ನ ಬೂಟುಗಳ ಕಡೆ ನೋಡಿದ. ಅವು ಬೇರೆ ಯಾರದೋ ಎಂಬಂತೆ ಸ್ವಲ್ಪ ಹೊತ್ತು ನೋಡಿದ. ಮುಖದ ಸುಕ್ಕುಗಳು ಅತ್ತಲೋ ಇತ್ತಲೋ ಎಂದು ತಡವರಿಸಿ, ಕೊನೆಗೆ ನಗುವಿನ ಕಡೆಗೆ ವಾಲಿದವು. ತುಟಿಯಿಂದ ಪಿನ್ನುಗಳನ್ನು ತೆಗೆದ. "ಈ ವಯಸ್ಸಲ್ಲಿ! ನಾನು ನಿಧಾನಕ್ಕೆ ಬರ್ತಿದೀನಿ ಅಂತಾನೇ ಅಂದ್ಕೊಂಡಿದ್ದೆ ಸಾರ್. ನನಗೆ ಗೊತ್ತೇ ಆಗಲಿಲ್ಲ ನೋಡಿ. ನಮ್ಮ ಕಾಲು ನಮಗೇ ಕಾಣಲ್ಲ, ನಿಮ್ಮಂಥೋರ ಕಣ್ಣಿಗೇ ಕಾಣ್ಬೇಕು." ಕೈ ಮುಗಿದ. ಗೆರೆಯನ್ನು ತುಳಿಯಲಿಲ್ಲ. ಅದು ಮುಗಿಯುವ ಕಡೆ, ಕಂಬದ ಆಚೆಯಿಂದ, ಕಾಲುದಾರಿಗೆ ಹತ್ತಿ ಸುತ್ತಿಕೊಂಡು ಹೆಂಡತಿಯ ಬಳಿ ಹೋದ.

"ಯಾಕೆ ಅಲ್ಲೇ ನಿಂತ್ಬಿಟ್ರಿ? ಏನಾಯ್ತು?" ಎಂದು ಅವಳು ಟವೆಲು ಕೊಡುತ್ತ ಕೇಳುವುದು ಕೇಳಿಸಿತು.

"ಹಾರ್ತಿದ್ದೆನಂತೆ ಕಣೇ. ಮೂರು ಮೂರು ಜನ ನೋಡಿದಾರೆ."

"ಅಯ್ಯೋ, ಅಷ್ಟು ಜೋರಾಗಿ ಯಾಕೆ ಹೋಗ್ಬೇಕಿತ್ತು ನೀವು? ರೈಲು?"

ದರ್ಜಿ ನೀರು ಕುಡಿಯುತ್ತಿದ್ದ. ಬಾಟಲಿಯನ್ನು ಕೆಳಗಿಳಿಸದೆ, ಮುಗಿಯುವವರೆಗೂ ಕುಡಿದ. ಆ ಪ್ರಶ್ನೆಗೆ ಅವನು ಉತ್ತರ ಕೊಡುವ ಹೊತ್ತಿಗೆ ಇಬ್ಬರೂ ದೂರ ಹೋಗಿದ್ದರು. ಶಾಮಿಯಾನದ ಕಡೆಯಿಂದ ಚಪ್ಪಾಳೆ ಕೇಳಿಸಿತು. ಫೋಟೋ ಮುಗಿದಿರಬೇಕು. ಗಡಿಯಾರದವನು ಎಚ್ಚರಗೊಂಡು ಕುರ್ಚಿಯನ್ನು ಮಡಿಸಿದ. ತೀರ್ಪುಗಾರ ಖಾಲಿ ರಸ್ತೆಯನ್ನು ನೋಡುತ್ತ ನಿಂತೇ ಇದ್ದ. ಕೊನೆಗೆ ಕೋನುಗಳ ಕಟ್ಟನ್ನು ಹೆಗಲಿಗೇರಿಸಿಕೊಂಡು ಬಂದ ಸೈಕಲ್ ಮೇಷ್ಟ್ರೇ ಅವನ ಮೊಣಕೈಯನ್ನು ಮೆಲ್ಲಗೆ ಮುಟ್ಟಿ ಹೇಳಬೇಕಾಯಿತು:

"ಇನ್ನು ಕೈ ಇಳಿಸಿ ಸಾರ್. ಬರೋರು ಯಾರೂ ಇಲ್ಲ."